ಅವರಿ ಗುಡ್ಡ

ಸಹನಾ, ಪ್ರಜ್ವಲ್, ನಿನ್ನೆ ಅಕ್ಕಿಆಲೂರಿನ ಸಂತೆಯಿಂದ ತಂದ ಅವರೆಕಾಯಿ ಸುಲಿಯುತ್ತ ಕುಳಿತಿದ್ದೆ. ಕೈಗೆ ಹತ್ತಿದ ಸೊಗಡು ತೊಳೆದರೂ ಹೋಗಲಿಲ್ಲ. ಆ ವಾಸನೆಗೆ ನಮ್ಮ ಅಕ್ಕೋರು ನೆನಪಾದರು... ನಾಲ್ಕನೆಯ ಇಯತ್ತೆಯಲ್ಲಿ ನನಗೆ ಕಲಿಸಿದವರು. ಜಗತ್ತಿನ ಅತಿ ಎತ್ತರದ ಪರ್ವತಕ್ಕೆ ನಮ್ಮ ಮನೆಯಲ್ಲಿ ‘ಅವರಿ ಗುಡ್ಡ’ ಎನ್ನುವುದು ಯಾಕೆ ಎಂದು ಕೇಳುತ್ತಿದ್ದಿರಲ್ಲ, ಅದೂ ಅವರದೇ ಕಥೆ.

ಸಾಲೆಯಲ್ಲಿ ನಾನು ಬಾಯಿ ಬಿಡುತ್ತಿರಲಿಲ್ಲ. ಹಾಜರಿಗೂ ಕೈಯೆತ್ತುತ್ತಿದ್ದೆ, ಅಷ್ಟೇ. ಅಕ್ಕೋರು ಬೈಯಲಿಲ್ಲ. ಬೇರೆಯವರಿಗೆ ಪ್ರಶ್ನೆ ಕೇಳುವಾಗ ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ನನಗೆ ಉತ್ತರ ಗೊತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ತೆಳ್ಳಗಿನ ಹೆಂಗಸು, ಸೆರಗಿನ ತುಂಬ ಸೀಮೆಸುಣ್ಣದ ಪುಡಿ...

ಒಂದು ಮಧ್ಯಾಹ್ನ ನನ್ನ ಅಪ್ಪ, ಅಂದರೆ ನಿಮ್ಮ ಅಜ್ಜ, ಹೊಲದಿಂದ ನೆಟ್ಟಗೆ ಸಾಲೆಗೇ ಬಂದ.

“ಬಾಯಿ ಇಲ್ಲದಾಕಿಗೆ ಸಾಲಿ ಯಾಕ್ರಿ ಅಕ್ಕೋರ? ನಾಳಿಂದ ಹೊಲಕ್ಕ ಬರ್ತಾಳ.”

ಸಾಲೆ ಬಿಡಲು ನನಗೆ ಮನಸ್ಸಿರಲಿಲ್ಲ. ಹಾಗೆಂದು ಹೇಳಲು ಬಾಯಿ ಬರಲಿಲ್ಲ.

“ಕುಂದರ್ರಿ. ಒಂದ ಪ್ರಶ್ನಿ ಕೇಳ್ತೇನಿ. ಹೇಳಲಿಲ್ಲಂದ್ರ ಕರ್ಕೊಂಡ ಹೋಗ್ರಿ,” ಎಂದರು ಅಕ್ಕೋರು. ನನ್ನ ಕಡೆ ತಿರುಗಿ, “ಜಗತ್ತಿನಾಗ ಎಲ್ಲಾದಕ್ಕಿಂತ ಎತ್ತರದ ಗುಡ್ಡ ಯಾವುದವಾ?”

 ಪಕ್ಕದಲ್ಲಿದ್ದ ಗೆಳತಿಗೆ ತಡೆಯಲಾಗಲಿಲ್ಲ. “ಅವರೆಷ್ಟ, ಅವರೆಷ್ಟ!” ಎಂದು ಪಿಸುಗುಟ್ಟಿದಳು. ನಮ್ಮ ಬಾಯಲ್ಲಿ ಎವರೆಸ್ಟ್ ಹಾಗೇ ಬರುತ್ತಿತ್ತು.

ಅಪ್ಪ ಅವಳ ಕಡೆ ನೋಡಿದ. “ಅವರಿ ಎಷ್ಟ ಅಂದ್ರ? ಇನ್ನೂ ಹರದಿಲ್ಲವಾ. ಸಂತಿಗೆ ಬಾ, ಹೇಳ್ತೇನಿ.”

ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ಯಾಕೆ ನಗುತ್ತಾರೆಂದು ತಿಳಿಯದೆ ಅಪ್ಪನ ಮುಖ ಸಣ್ಣದಾಯಿತು. ಆ ಮುಖ ನನ್ನಿಂದ ನೋಡಲಾಗಲಿಲ್ಲ. ಎದ್ದು ನಿಂತುಬಿಟ್ಟೆ.

“ಅವರಿ ಅಲ್ಲಪಾ, ಎವರೆಸ್ಟ್! ಹಿಮಾಲಯದಾಗಿನ ಗುಡ್ಡ!”

ನಗು ನಿಂತಿತು. ಅಪ್ಪ ಮೆಲ್ಲಗೆ ಕೇಳಿದ, “ಅದಕ್ಕ ಗೌರೀಶಂಕರ ಅಂತಾರಲ್ಲ?”

“ಅದು ಬ್ಯಾರೆ ಗುಡ್ಡಪಾ. ಮೊದಲ ಮಂದಿ ಎರಡೂ ಒಂದ ಅಂತ ತಿಳದಿದ್ರಂತ.”

ಅಪ್ಪ ಅಕ್ಕೋರನ್ನು ನೋಡಿದ. “ಈ ಬಾಯಿ ಇಷ್ಟ ದಿನಾ ಎಲ್ಲಿತ್ರಿ?”

“ಸಾಲ್ಯಾಗ ಇತ್ರಿ. ಇಲ್ಲೇ ಬಿಟ್ಟ ಹೋಗ್ರಿ.”

ಅಪ್ಪ ಹೆಗಲ ಮೇಲಿನ ಟವೆಲ್ ಝಾಡಿಸಿಕೊಂಡು ಒಬ್ಬನೇ ಹೊಲಕ್ಕೆ ಹೋದ. ಏಳನೆಯ ಇಯತ್ತೆಯವರೆಗೆ ಮತ್ತೆ ಸಾಲೆ ಬಿಡಿಸುವ ಮಾತು ತೆಗೆಯಲಿಲ್ಲ. ಆದರೆ ಕೊನೆಯವರೆಗೂ ಅವನಿಗೆ ಎವರೆಸ್ಟ್ ಅವರಿ ಗುಡ್ಡವೇ.

ಅಕ್ಕೋರು ಹಂಸಭಾವಿ ಕಡೆ ವರ್ಗವಾಗಿ ಹೋದರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಒಮ್ಮೆ ಹೋಗಿ ಕಾಣಬೇಕೆಂದು ವಿಚಾರಿಸಿದೆ. ಅಷ್ಟರಲ್ಲಿ ಅವರೂ ಇರಲಿಲ್ಲ... ಸಹನಾ, ಮೊನ್ನೆ ಸಾಲೆಯಲ್ಲಿ ಭಾಷಣ ಮಾಡುವಾಗ ನಿನ್ನ ಧ್ವನಿ ನಡುಗಿತು, ಆದರೂ ನೀನು ನಿಲ್ಲಿಸಲಿಲ್ಲ. ಅವರು ನನ್ನನ್ನು ನೋಡುತ್ತಿದ್ದ ಹಾಗೆಯೇ ನಾನು ನಿನ್ನನ್ನು ನೋಡುತ್ತ ಕುಳಿತಿದ್ದೆ.

ಬಾಯಲ್ಲಿ ಹೇಳಲು ನನಗೆ ಈಗಲೂ ನಾಚಿಕೆ, ಅದಕ್ಕೇ ಬರೆದೆ. ಈ ಹಾಳೆಗಳನ್ನು ನಿಮ್ಮ ನಕಾಶೆ ಪುಸ್ತಕದಲ್ಲಿ, ಆ ಗುಡ್ಡ ಇರುವ ಪುಟದ ನಡುವೆ, ಜೋಪಾನವಾಗಿ ಇಡಿರಿ.