ಕಬಡ್ಡಿ ಸಂಘಕ್ಕೊಂದು ವಿಳಾಸ

ನಮ್ಮ ಕಡೆಯ ಮದುವೆಯ ಆಮಂತ್ರಣ ಪತ್ರಿಕೆಗಳನ್ನು ನಾನು ಪರೀಕ್ಷೆಯ ಉತ್ತರಪತ್ರಿಕೆಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಓದುತ್ತೇನೆ. ವಧೂವರರು ಯಾರು, ಮುಹೂರ್ತ ಎಷ್ಟು ಗಂಟೆಗೆ ಎಂಬುದೆಲ್ಲ ಹೇಗೂ ಫೋನಿನಲ್ಲಿ ತಿಳಿದಿರುತ್ತದೆ. ನನ್ನ ಕುತೂಹಲವೆಲ್ಲ ಕೊನೆಯ ಪುಟದ ಸಣ್ಣಕ್ಷರಗಳಲ್ಲಿ. ಅಲ್ಲಿ ಸುಖಾಗಮನ ಬಯಸುವ ಬಂಧುಗಳ ದೊಡ್ಡ ಯಾದಿಯಿದ್ದು, ಪ್ರತಿಯೊಬ್ಬರ ಹೆಸರಿನಡಿ ಒಂದೊಂದು ಪದವಿ ಮುದ್ರಿತವಾಗಿರುತ್ತದೆ: ಪತ್ತಿನ ಸಂಘದ ನಿರ್ದೇಶಕರು, ಹಾಲು ಉತ್ಪಾದಕರ ಸಂಘದ ಮಾಜಿ ಉಪಾಧ್ಯಕ್ಷರು, ನೀರಾವರಿ ಸಂಘದ ಹಾಲಿ ಸದಸ್ಯರು. ಚಿಕ್ಕೋಡಿಯಿಂದ ನಿಪ್ಪಾಣಿಯವರೆಗೆ, ಅತ್ತ ರಾಯಬಾಗ, ಅಥಣಿ, ಕಾಗವಾಡಗಳವರೆಗೆ ಕಬ್ಬು ಹೇಗೆ ದಟ್ಟವಾಗಿ ಬೆಳೆದಿದೆಯೋ ಸಂಘಗಳೂ ಹಾಗೆಯೇ ಬೆಳೆದಿವೆ. ಬಸ್ಸಿನ ನೂಕುನುಗ್ಗಲಿನಲ್ಲಿ ನೀವು ಯಾರದಾದರೂ ಕಾಲು ತುಳಿದರೆ, ಅದು ಒಬ್ಬ ಚೇರಮನ್ನರ ಕಾಲಾಗಿರುವ ಸಂಭವವೇ ಹೆಚ್ಚು. ಚಿಕ್ಕೋಡಿಯ ಕಾಲೇಜೊಂದರಲ್ಲಿ ಜೀವಮಾನವಿಡೀ ಕನ್ನಡ ಕಲಿಸಿದ ನನ್ನ ಹೆಸರಿನ ಕೆಳಗೆ ಮಾತ್ರ 'ನಿವೃತ್ತ' ಎಂಬ ಒಂದೇ ಪದ ಇರುತ್ತಿತ್ತು. ಅದನ್ನು ಓದಿದವರಿಗೆ ನಾನು ಏನಾಗಿದ್ದೆನೆಂಬುದು ತಿಳಿಯುತ್ತಿರಲಿಲ್ಲ, ಈಗ ಏನೂ ಅಲ್ಲವೆಂಬುದಷ್ಟೇ ತಿಳಿಯುತ್ತಿತ್ತು.

ಹೀಗಿರುವಾಗ ಸದಲಗಾದ ಬಾಪುಸಾಹೇಬರು ಒಂದು ದಿನ ಮನೆಗೆ ಬಂದು, ನನ್ನನ್ನು ಒಂದು ಸಂಘದ ಕಾರ್ಯದರ್ಶಿಯಾಗಬೇಕೆಂದು ಕೇಳಿಕೊಂಡರು. ಒಲ್ಲೆ ಎನ್ನಲು ಬಾಯಿ ತೆರೆದವನು ಹೂಂ ಅಂದುಬಿಟ್ಟೆ. ಆಸೆ ಯಾರನ್ನು ಬಿಟ್ಟಿದೆ ಹೇಳಿ.

ಬಾಪುಸಾಹೇಬರು ನನ್ನ ಶಾಲೆಯ ದಿನಗಳ ಗೆಳೆಯರು. ಜೈನ ಒಕ್ಕಲು ಮನೆತನ. ದೂಧಗಂಗಾ ನದಿಯ ದಂಡೆಗೆ ಅವರ ಕಬ್ಬಿನ ಹೊಲವಿದೆ. ಆ ಹೊಲದ ಒಂದು ಮೂಲೆಯಲ್ಲಿ, ಎಮ್ಮೆಯ ಕೊಟ್ಟಿಗೆಗೆ ಅಂಟಿದಂತೆ, ಅವರು ಮೂವತ್ತು ವರ್ಷಗಳಿಂದ ಕಬ್ಬು ಹಚ್ಚಿಲ್ಲ. ಅಲ್ಲಿ ಮಣ್ಣು ಜರಡಿ ಹಿಡಿದು, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು ಕಬಡ್ಡಿ ಅಂಗಳ ಮಾಡಿದ್ದಾರೆ. ಮೊದಲು ಗಂಡುಮಕ್ಕಳು ಆಡುತ್ತಿದ್ದರು; ಈಗ ಹತ್ತು ಹನ್ನೆರಡು ವರ್ಷಗಳಿಂದ ಹೆಣ್ಣುಮಕ್ಕಳ ತಂಡ. ಬೇಡಕಿಹಾಳದಿಂದ, ಕರೋಶಿಯಿಂದ ಹುಡುಗಿಯರು ಬಸ್ಸಿಗೆ, ಸೈಕಲ್ಲಿಗೆ ಬರುತ್ತಾರೆ. ಬಾಪುಸಾಹೇಬರು ಸೂರ್ಯ ಮುಳುಗುವ ಮೊದಲು ಊಟಕ್ಕೆ ಕೂರುವವರಾದ್ದರಿಂದ ಅಭ್ಯಾಸವೂ ಹೊತ್ತಿಗೆ ಮುಂಚೆಯೇ ಮುಗಿಯುತ್ತದೆ. ಈ ತಂಡಕ್ಕೆ ಅಧ್ಯಕ್ಷರಿರಲಿಲ್ಲ, ಠರಾವುಗಳಿರಲಿಲ್ಲ, ಹೆಸರು ಕೂಡ ಇರಲಿಲ್ಲ. 'ಬಾಪೂನ ಪೋರಿಗೋಳು' ಎಂದರೆ ನದಿಯ ಎರಡೂ ದಂಡೆಗಳಲ್ಲಿ, ಕನ್ನಡ ಮರಾಠಿ ಎರಡೂ ಭಾಷೆಗಳವರಿಗೆ ತಿಳಿಯುತ್ತಿತ್ತು.

ತೊಂದರೆ ಎರಡು ಕಡೆಯಿಂದ ಬಂತು. ಇನ್ನು ಮುಂದೆ ನೋಂದಾಯಿತ ಸಂಘಗಳ ತಂಡಗಳಿಗೆ ಮಾತ್ರ ಪಂದ್ಯಾವಳಿಯಲ್ಲಿ ಪ್ರವೇಶ ಎಂದು ಪಂದ್ಯ ನಡೆಸುವವರು ತಿಳಿಸಿದರು. ಅದೇ ವಾರ ಬಾಪುಸಾಹೇಬರ ಮಗ ಮಹಾವೀರ, ಬರುವ ಹಂಗಾಮಿಗೆ ಆ ಮೂಲೆಗೂ ಕಬ್ಬು ಹಚ್ಚುವುದೆಂದು ಮನೆಯಲ್ಲಿ ಮಾತು ತೆಗೆದ. ಅವನು ಕೆಟ್ಟವನಲ್ಲ, ಲೆಕ್ಕ ಬಲ್ಲವನು. "ಸಂಘ ಅಂತ ಒಂದ ಇದ್ರ ಇರಲಿ, ನಾ ಮುಟ್ಟಂಗಿಲ್ಲ. ಬರೇ ಅಪ್ಪನ ಹವ್ಯಾಸ ಇದ್ರ, ಈ ಸಲ ನೇಗಿಲ ಹೊಡಿಯಾಂವನ," ಎಂದು ನನ್ನೆದುರಿಗೇ ಹೇಳಿದ. ಹೀಗೆ ಒಂದು ನೋಂದಣಿ ಪ್ರಮಾಣಪತ್ರದ ಮೇಲೆ ಒಂದು ಆಟದ ಅಂಗಳದ ಉಳಿವು ನಿಂತಿತು, ಮತ್ತು ಆ ಪತ್ರವನ್ನು ತರುವ ಹೊಣೆ ಗ್ಯಾಸಿನ ಸಿಲಿಂಡರನ್ನೂ ಹೆಂಡತಿಯಿಂದಲೇ ಬುಕ್ ಮಾಡಿಸುವ ನನ್ನ ಮೇಲೆ ಬಿತ್ತು.

ಸಂಘಗಳ ನೋಂದಣಿ ಕಾಯ್ದೆಯನ್ನು ಓದಿದಾಗ ಅದು ಅಷ್ಟೇನೂ ಕ್ರೂರವೆನಿಸಲಿಲ್ಲ. ಹದಿನೆಂಟು ತುಂಬಿದ ಏಳು ಜನ ಬೇಕು, ಒಂದು ಹೆಸರು ಬೇಕು, ಉದ್ದೇಶಗಳು ಬೇಕು, ನಿಯಮಾವಳಿ ಬೇಕು, ಒಂದು ಕಚೇರಿಯ ವಿಳಾಸ ಬೇಕು. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ನಡೆಸಿ ಪದಾಧಿಕಾರಿಗಳ ಯಾದಿಯನ್ನು ಸಲ್ಲಿಸಬೇಕು. ಸಭ್ಯ ಗೃಹಸ್ಥರು ನೆರೆಮನೆಯವರಿಂದ ಅಪೇಕ್ಷಿಸುವುದಕ್ಕಿಂತ ಹೆಚ್ಚಿನದೇನನ್ನೂ ಸರ್ಕಾರ ಅಪೇಕ್ಷಿಸಿರಲಿಲ್ಲ. ಹೆಸರಿನಲ್ಲಿ ಮೊದಲ ಎಡವು. ನಮ್ಮ ಕಡೆ ಓಣಿಯ ಪಂದ್ಯಾವಳಿಯ ಬ್ಯಾನರಿನ ಮೇಲೂ 'ಅಖಿಲ ಭಾರತ' ಎಂದಿರುವುದು ರೂಢಿ. ಬಾಪುಸಾಹೇಬರು ಅದನ್ನೇ ಹಿಡಿದು ಕೂತರು; ಸರ್ಕಾರದ ಸಂಸ್ಥೆಯೆಂದು ಭ್ರಮೆ ಹುಟ್ಟಿಸುವಂಥ ಹೆಸರನ್ನು ನೋಂದಣಿ ಕಚೇರಿಯವರು ಒಪ್ಪಲಿಲ್ಲ. ಕೊನೆಗೆ ಅಖಿಲ ಭಾರತವನ್ನು ಬಿಟ್ಟುಕೊಟ್ಟು 'ಹೊಳೆದಂಡೆ ಮಹಿಳಾ ಕಬಡ್ಡಿ ಸಂಘ'ಕ್ಕೆ ಇಳಿದೆವು. ಬಾಪುಸಾಹೇಬರಿಗೆ ಎರಡು ದಿನ ಬೇಸರವಿತ್ತು.

ಇನ್ನು ನಿಯಮಾವಳಿ. ಇಲ್ಲಿ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಹಾಲಿನ ಡೇರಿಯ ನಿಯಮಾವಳಿಯ ಅಚ್ಚಾದ ಪುಸ್ತಕ ಇಲ್ಲಿ ಮನೆಮನೆಗೂ ಸಿಗುತ್ತದೆ. ನಮಗೆಲ್ಲ ಸಂಘವೆಂದರೆ ಅದೇ ಸಂಘ, ಕಾಯ್ದೆಯೆಂದರೆ ಅದೇ ಕಾಯ್ದೆ. ಆ ಪುಸ್ತಕವನ್ನು ಟೈಪು ಮಾಡುವ ಅಂಗಡಿಗೆ ಒಯ್ದು, 'ಹಾಲು' ಎಂದಿದ್ದಲ್ಲೆಲ್ಲ 'ಆಟ' ಎಂದು ಹಾಕಿಸಿಬಿಟ್ಟೆ. ಗಣಕಯಂತ್ರ ಆ ಕೆಲಸವನ್ನು ಕಣ್ಣು ಮಿಟುಕಿಸುವುದರಲ್ಲಿ ಮುಗಿಸಿತು. ವಿದ್ಯಾರ್ಥಿಗಳು ಗೈಡು ನೋಡಿ ಬರೆದರೆಂದು ವರ್ಷಗಟ್ಟಲೆ ಅವರ ಉತ್ತರಗಳಿಗೆ ಕೆಂಪು ಗೆರೆ ಎಳೆದವನು ನಾನೇ. ಏಳೂ ಸಂಸ್ಥಾಪಕ ಸದಸ್ಯರು, ಅಂದರೆ ಬಾಪುಸಾಹೇಬರು, ನಾನು ಮತ್ತು ಐವರು ಹಳೆಯ ಆಟಗಾರರು, ಅದನ್ನು ಓದುವ ಕಷ್ಟ ತೆಗೆದುಕೊಳ್ಳದೆ ಪುಟಪುಟಕ್ಕೂ ಸಹಿ ಹಾಕಿದೆವು. ಓದಿ ಸಹಿ ಹಾಕುವುದೆಂದರೆ ಬರೆದವನ ಮೇಲೆ ಅವಿಶ್ವಾಸ ತೋರಿಸಿದಂತೆ ಎಂಬುದು ನಮ್ಮ ಕಡೆಯ ಶಿಷ್ಟಾಚಾರ.

ಉಳಿದದ್ದು ವಿಳಾಸ. ಅಂಗಳವೇ ಸಂಘದ ವಿಳಾಸವೆಂದು ಬರೆದೆವು; ಹಾಗಿದ್ದರೆ ಜಾಗದ ಮಾಲೀಕರ ನಿರಾಕ್ಷೇಪಣಾ ಪತ್ರ ಬೇಕೆಂದರು. ಅದರಲ್ಲೇನಿದೆ, ಮಾಲೀಕರು ಪಕ್ಕದಲ್ಲೇ ಕೂತಿದ್ದಾರಲ್ಲ ಎಂದು ನಾನು ಹೊಲದ ಉತಾರ, ಅಂದರೆ ಪಹಣಿ, ತೆಗೆಸಿ ನೋಡಿದರೆ ಬಾಪುಸಾಹೇಬರ ಹೆಸರೇ ಅದರಲ್ಲಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಹಿರಿಯರ ಸಲಹೆಯಂತೆ ಆ ತುಂಡನ್ನು ಅವರ ಹೆಂಡತಿ ರತ್ನಕ್ಕನ ಹೆಸರಿಗೆ ಮಾಡಿದ್ದರಂತೆ. ಮೂವತ್ತು ವರ್ಷಗಳಿಂದ ತಮ್ಮ ಹೊಲದಲ್ಲಿ ಕಬಡ್ಡಿ ಆಡಿಸುತ್ತಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು ಬಂದವರಿಗೆ ಹೊಲ ತಮ್ಮದಲ್ಲವೆಂಬುದು ಮರೆತೇಹೋಗಿತ್ತು. "ಅಕಿದಾದ್ರೇನು, ನಂದಾದ್ರೇನ್ರಿ. ಸಹಿ ಮಾಡತಾಳ ತಗೋರಿ," ಎಂದರು.

ಮರುದಿನ ಮಧ್ಯಾಹ್ನ ಕಾಗದಗಳ ಕಟ್ಟು ಹಿಡಿದು ಹೊಲದಲ್ಲೇ ಇರುವ ಅವರ ಮನೆಗೆ ಹೋದೆವು. ರತ್ನಕ್ಕ ಕೊಟ್ಟಿಗೆಯ ಕಟ್ಟೆಯ ಮೇಲೆ ಹಾಲಿನ ಕ್ಯಾನು ತಿಕ್ಕುತ್ತಿದ್ದರು. ದಿನಕ್ಕೆರಡು ಹೊತ್ತು ಡೇರಿಗೆ ಹಾಲು ಹಾಕುವವರು ಮನೆಯಲ್ಲಿ ಅವರೇ. ಕೈ ಒರೆಸಿಕೊಂಡು ಬಂದು ಕೂತು, ಪೆನ್ನು ತೆಗೆದುಕೊಳ್ಳದೆ, "ಮೊದಲ ಓದ್ರಿ ಮಾಸ್ತರ, ಕೇಳತೀನಿ," ಎಂದರು. ಬಾಪುಸಾಹೇಬರು ಗಡಿಯಾರ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಗದ್ಯ ಓದುವ ದನಿಯಲ್ಲಿ ನಿಯಮಾವಳಿಯನ್ನು ಆರಂಭಿಸಿದೆ. 'ಸದಸ್ಯರು ದಿನಕ್ಕೆರಡು ಬಾರಿ ಸ್ವಚ್ಛವಾದ ಪಾತ್ರೆಯಲ್ಲಿ ಆಟವನ್ನು ತರತಕ್ಕದ್ದು' ಎಂದು ನನ್ನ ಬಾಯಿಂದ ಬರುವವರೆಗೂ ನನಗೆ ಅದರ ಅರ್ಥವಾಗಿರಲಿಲ್ಲ. ನಿಲ್ಲಿಸಬೇಕಾಗಿತ್ತು, ಓದುವ ಚಟ, ಮುಂದಿನದನ್ನೂ ಓದಿದೆ. 'ಆಟಕ್ಕೆ ನೀರು ಬೆರೆಸಿದ್ದು ಕಂಡುಬಂದಲ್ಲಿ ಸದರಿ ಆಟವನ್ನು ಚೆಲ್ಲತಕ್ಕದ್ದು. ಆಟದ ಜಿಡ್ಡಿನಂಶಕ್ಕೆ ಅನುಗುಣವಾಗಿ ದರ ನಿಗದಿ ಮಾಡತಕ್ಕದ್ದು.'

"ತಡೀರಿ," ಎಂದರು ರತ್ನಕ್ಕ. "ಇದು ನಮ್ಮ ಡೇರಿ ಕಾಯ್ದೆ ಐತೆಲ್ರಿ."

ನಾನು ಕನ್ನಡಕ ತೆಗೆದು ಒರೆಸಿದೆ. ಇಂಥ ಸಂದರ್ಭಗಳಲ್ಲಿ ಕನ್ನಡಕ ಬಹಳ ಉಪಕಾರಿ.

"ಅದರಾಗ ಮುಂದ ಇನ್ನೊಂದ ಐತಿ, ಅದನ್ನೂ ಓದ್ರಿ. ಆರ ತಿಂಗಳ ಹಾಲ ಹಾಕದಿದ್ರ ಹೆಸರ ತಗೀತಾರ."

ಓದಿದೆ. 'ವರ್ಷದಲ್ಲಿ ಆರು ತಿಂಗಳು ಆಟ ಹಾಕದ ಸದಸ್ಯರ ಸದಸ್ಯತ್ವ ತಾನಾಗಿಯೇ ರದ್ದಾಗತಕ್ಕದ್ದು.' ರತ್ನಕ್ಕ ಸಹಿ ಮಾಡಿದ ನಮ್ಮ ಏಳು ಹೆಸರುಗಳನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡು, "ಹಂಗಾರ ಏಳೂ ಮಂದಿ ಇವತ್ತ ರದ್ದಾದ್ರಿ. ನಿಮ್ಮಾಗ ಬಗ್ಗಾಕ ಯಾರಿಗೆ ಬರತೈತಿ? ಹೆಣ್ಣಮಕ್ಕಳ ಸಂಘ ಅಂತೀರಿ, ಹೆಣ್ಣಮಕ್ಕಳ ಹೆಸರ ಒಂದೂ ಇಲ್ಲ," ಎಂದರು. ಬಾಗಿಲಿಗೆ ಒರಗಿ ನಿಂತಿದ್ದ ಮಹಾವೀರ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ಅವನ ತಂದೆ ಮಾತ್ರ ನಗಲಿಲ್ಲ.

ಕಾಗದಗಳನ್ನು ಮಡಚಿಕೊಂಡು ಮರಳಿದೆ. ಈ ಸಲ ಯಾವ ಪುಸ್ತಕವನ್ನೂ ನೋಡದೆ ನಾಲ್ಕು ದಿನ ಕೂತು, ಕಬಡ್ಡಿ ಎಂಬ ಶಬ್ದ ಬರುವಂಥ ನಿಯಮಾವಳಿಯನ್ನು ಬರೆದೆ. ಹಳೆಯ ಆಟಗಾರರಿಬ್ಬರನ್ನು ವಿನಯದಿಂದ ಬಿಡಿಸಿ, ಹದಿನೆಂಟು ತುಂಬಿದ ಇಬ್ಬರು ಆಟಗಾರ್ತಿಯರ ಹೆಸರು ಸೇರಿಸಿದೆ. ಬರೆಯುವಾಗ ಒಂದು ಸಂಗತಿ ಹೊಳೆಯಿತು: ನಿಯಮಗಳೆಲ್ಲವೂ ಪರಸ್ಪರ ವಿಶ್ವಾಸ ಇಲ್ಲದವರಿಗಾಗಿ ಇರುತ್ತವೆಯೆಂದು ನಾನು ಈವರೆಗೆ ತಿಳಿದಿದ್ದೆ. ಹಾಗಲ್ಲ, ವಿಶ್ವಾಸವಿದೆಯೆಂದು ಯಾರನ್ನು ನಾವು ಕೇಳದೇ ಬಿಟ್ಟಿರುತ್ತೇವೋ, ಅವರನ್ನು ಒಮ್ಮೆಯಾದರೂ ಕೇಳಲೇಬೇಕಾಗುವಂತೆ ಮಾಡುವುದಕ್ಕೂ ಅವು ಇರುತ್ತವೆ. ಈ ವಿಚಾರ ಬಂದದ್ದಕ್ಕೆ ನನಗೆ ನನ್ನ ಮೇಲೆಯೇ ಸ್ವಲ್ಪ ಅಭಿಮಾನವಾಯಿತು. ಆದರೆ ಅದು ನನಗಿಂತ ಮೊದಲೇ ರತ್ನಕ್ಕನಿಗೆ ತಿಳಿದಿತ್ತು.

ಎರಡನೆಯ ಸಲ ಹೋದಾಗ ಬಾಪುಸಾಹೇಬರೂ ಮಹಾವೀರನೂ ಅಲ್ಲೇ ಕೂತಿದ್ದರು; ರತ್ನಕ್ಕ ಹೊಸ ನಿಯಮಾವಳಿಯನ್ನು ಕೊನೆಯವರೆಗೆ ಕೇಳಿ, ಚೆನ್ನಾಗಿದೆ ಎಂದರು. ಆಮೇಲೆ ನಿರಾಕ್ಷೇಪಣಾ ಪತ್ರವನ್ನು ಮುಂದಿಟ್ಟೆ. ಅದೇನೆಂದು ಕೇಳಿದರು. ಈ ಜಾಗದಲ್ಲಿ ಸಂಘ ಇರುವುದಕ್ಕೆ ನಿಮ್ಮದೇನೂ ತಕರಾರಿಲ್ಲ ಎಂದು ಬರೆದುಕೊಟ್ಟಂತೆ ಎಂದು ವಿವರಿಸಿದೆ.

"ಇದಕ್ಕ ನಾ ಸಹಿ ಮಾಡೂದಿಲ್ರಿ."

ಬಾಪುಸಾಹೇಬರ ಮುಖ ನೋಡಲಾಗಲಿಲ್ಲ. ಮೂವತ್ತು ವರ್ಷ ನೀರು ಚಿಮುಕಿಸಿದ ಅಂಗಳ ಕೊಟ್ಟಿಗೆಯ ಆಚೆಗೇ ಕಾಣುತ್ತಿತ್ತು. ಇಬ್ಬರು ಹುಡುಗಿಯರು ಆಗಲೇ ಬಂದು ಗೆರೆ ಎಳೆಯುತ್ತಿದ್ದರು. ನನಗೂ ದುಃಖವಾಯಿತು. ಕಾರ್ಯದರ್ಶಿ ಪದವಿ ಹೋಗುವ ದುಃಖ ಅದರಲ್ಲಿ ಇರಲಿಲ್ಲವೆಂದು ಪ್ರಮಾಣ ಮಾಡಿ ಹೇಳಲಾರೆ.

"ತಕರಾರ ಇಲ್ಲ ಅಂದ್ರ ಸುಳ್ಳ ಆಗತೈತಿ," ಎಂದರು ರತ್ನಕ್ಕ, ದನಿ ಏರಿಸದೆ. "ತಕರಾರ ಐತಿ. ನಂದ ಹೊಲಾ. ಮೂವತ್ತ ವರ್ಷ ಆತು, ಇಲ್ಲಿ ಆಟ ಆಡಸಲೇನು ಅಂತ ಇವರು ಒಮ್ಮೆರೆ ಕೇಳ್ಯಾರೇನು? ಇವಾ ಕಬ್ಬ ಹಚ್ಚತೀನಿ ಅಂದಾನ, ಇವನರೆ ಕೇಳ್ಯಾನೇನು? ಪೋರಿಗೋಳು ಆಡೂದು ನನಗ ಬ್ಯಾಡಾಗಿಲ್ಲ. ಅವರ ಆಡೂದ ನೋಡಕೋಂತನ ನಾ ಹಾಲ ಹಿಂಡೂದು. ಆದ್ರ ಕೇಳಿಲ್ಲ. ಅದನ್ನ ಬರೀರಿ, ಸಹಿ ಮಾಡತೀನಿ."

ಮಹಾವೀರ ಈಗ ನಗುತ್ತಿರಲಿಲ್ಲ. ಬಾಪುಸಾಹೇಬರು ಪೆನ್ನನ್ನು ನನ್ನತ್ತ ಸರಿಸಿ, "ಬರೀರಿ," ಎಂದರು. ಬರೆದೆ. ಸದರಿ ಹೊಲದ ಖಾತೆದಾರಳಾದ ನನಗೆ ಒಂದು ತಕರಾರು ಇರುತ್ತದೆ, ಮೂವತ್ತು ವರ್ಷ ನನ್ನನ್ನು ಯಾರೂ ಕೇಳಿರುವುದಿಲ್ಲ, ಈಗ ಕೇಳಿರುತ್ತಾರೆ, ಆದ್ದರಿಂದ ಸಂಘ ಇಲ್ಲಿ ಇರಲು, ಇಲ್ಲಿ ಕಬ್ಬು ಹಚ್ಚದೇ ಇರಲು, ನನ್ನ ಒಪ್ಪಿಗೆ ಇರುತ್ತದೆ. ಅವರು ಎರಡು ಸಲ ಓದಿಸಿ, ದುಂಡಗೆ ಸಹಿ ಮಾಡಿದರು.

ಈ ಪತ್ರ ತಿರಸ್ಕೃತವಾಗುವುದು ಖಚಿತವೆಂದುಕೊಂಡೇ ಕಚೇರಿಗೆ ಒಯ್ದೆ. ಅಲ್ಲಿನ ಗುಮಾಸ್ತರು ಅದನ್ನು ಒಮ್ಮೆ ಓದಿ, ನನ್ನ ಮುಖ ನೋಡಿ, ಇನ್ನೊಮ್ಮೆ ಓದಿದರು. "ಇಂಥಾ ಕಾಗದ ನಾ ನೋಡಿಲ್ರಿ. ಆದ್ರ ಮಾಲೀಕರು ಖರೇನ ಓದಿ ಸಹಿ ಮಾಡ್ಯಾರ ಅನ್ನೂದು ಇದೊಂದರಾಗ ಖಾತ್ರಿ ಐತಿ," ಎಂದು ಕಡತದಲ್ಲಿ ಸೇರಿಸಿಕೊಂಡರು. ಕೆಲವು ವಾರಗಳಲ್ಲಿ ಪ್ರಮಾಣಪತ್ರ ಬಂತು. ಮೊನ್ನೆ ಬಂದ ಆಮಂತ್ರಣ ಪತ್ರಿಕೆಯೊಂದರಲ್ಲಿ ನನ್ನ ಹೆಸರಿನ ಕೆಳಗೆ 'ಕಾರ್ಯದರ್ಶಿ' ಎಂದು ಅಚ್ಚಾಗಿತ್ತು. ಹೆಂಡತಿಗೆ ತೋರಿಸಿದೆ, ಆಕೆ ಮುಹೂರ್ತ ಎಷ್ಟಕ್ಕೆ ಎಂದು ಕೇಳಿದಳು.

ಕಬ್ಬು ಆ ಮೂಲೆಯನ್ನು ಬಿಟ್ಟು ಆಚೆಗೇ ನಿಂತಿದೆ. ಬಾಪುಸಾಹೇಬರು ಈಗ ಅಂಗಳಕ್ಕೆ ನೀರು ಚಿಮುಕಿಸುವ ಮೊದಲು, ದಿನಾಲೂ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಆಡಸಲೇನು?" ಎಂದು ಕೇಳುತ್ತಾರೆ. ರತ್ನಕ್ಕ ಎಮ್ಮೆಯ ಮಗ್ಗುಲಿನಿಂದಲೇ ಹೂಂ ಅನ್ನುತ್ತಾರೆ. ಹೋದ ವಾರ ನಾನು ಅಲ್ಲಿದ್ದಾಗ ಮಾತ್ರ, ಹಾಲು ಕರೆಯುತ್ತಲೇ, "ಇವತ್ತ ಬ್ಯಾಡ," ಎಂದರು. ಕಾರಣ ಹೇಳಲಿಲ್ಲ. ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿಲ್ಲ, ಅದನ್ನು ಬರೆದವನು ನಾನೇ, ನನಗೆ ಗೊತ್ತು. ಬಾಪುಸಾಹೇಬರು ನೀರಿನ ಕೊಡವನ್ನು ಕೆಳಗಿಟ್ಟರು. ಹುಡುಗಿಯರು ಚೀಲ ಹೆಗಲಿಗೇರಿಸಿ, ರತ್ನಕ್ಕನಿಗೆ ಬರತೀವ್ರಿ ಎಂದು ಹೇಳಿ ಹೊರಟರು. ಆ ದಿನ ಆಟವಿರಲಿಲ್ಲ, ಮತ್ತು ಯಾರೂ ತಕರಾರು ಮಾಡಲಿಲ್ಲ.