ಗಾಲ್ವೇ ಪಾಲಾದ ಸೆಂಟರ್

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು, ಗೆಳೆಯರೇ. ಐರ್ಲೆಂಡಿನ ಈ ತುದಿಯ ಊರಾದ ನಮ್ಮ ಸ್ವೋರ್ಡ್ಸ್‌ನ ಕನ್ನಡಿಗರ ಬ್ಯಾಸ್ಕೆಟ್‌ಬಾಲ್ ತಂಡದವರು ನನ್ನನ್ನು ಆ ತುದಿಯ ಗಾಲ್ವೇ ಊರಿನ ಬಸ್ಸು ಹತ್ತಿಸಿ ಟಾಟಾ ಮಾಡುತ್ತಿದ್ದರು. ಮಧ್ಯಾಹ್ನ ಅದೇ ಆಯಿತು.

ಲಾಕ್‌ಡೌನ್ ಬಂದು ಕೋರ್ಟಿಗೆ ಬೀಗ ಬಿದ್ದು ತಿಂಗಳುಗಳಾಗಿವೆ. ಆಟವಿಲ್ಲದಿದ್ದರೂ ವಿಡಿಯೋ ಕಾಲ್‌ನಲ್ಲಿ ಮೀಟಿಂಗ್ ಇಟ್ಟರು. ಬುಟ್ಟಿಯ ಕೆಳಗೆ ನಿಂತು ಎಗರಿ ಚೆಂಡು ಹಿಡಿಯಬೇಕಾದ, ಆದರೆ ಸದಾ ಗಾಯ ಮಾಡಿಕೊಳ್ಳುವ ಸೆಂಟರನ್ನು, ಅಂದರೆ ನನ್ನನ್ನು, ಗಾಲ್ವೇ ತಂಡಕ್ಕೆ ಕೊಟ್ಟು ಅವರ ಸೆಂಟರನ್ನು ತರಬೇಕೋ ಬೇಡವೋ ಎಂಬುದೇ ವಿಷಯ.

"ಮಂಡಿ ಈಗ ಸರಿಯಾಗೈತೆ ಕಣೋ ಗಿರೀಶ," ಎಂದೆ ನಮ್ಮ ಕ್ಯಾಪ್ಟನ್‌ಗೆ.

"ಹಂಗಾದ್ರೆ ಒಂದ್ಸಲ ಎಗರಿ ತೋರ್ಸು ಮಗಾ."

ಎಗರಿದೆ. ಇಳಿದದ್ದು ಮಗಳ ಆಟದ ಇಟ್ಟಿಗೆಗಳ ಮೇಲೆ. ಪಾದ ಉಳುಕಿತು. ಮಗಳು ಕ್ಯಾಮೆರಾಗೆ ಮುಖ ಒಡ್ಡಿ, "ಡ್ಯಾಡ್ ಈಸ್ ಗ್ರ್ಯಾಂಡ್," ಅಂದರೆ ಅಪ್ಪನಿಗೆ ಏನೂ ಆಗಿಲ್ಲ ಎಂದು ಐರಿಷ್ ಇಂಗ್ಲಿಷಿನಲ್ಲಿ ಹೇಳಿ, ನನ್ನ ಚೀರಾಟ ಕೇಳಿಸಬಾರದೆಂದು ಮೈಕ್ ಆಫ್ ಮಾಡಿದಳು.

ಕಾಲ್‌ನಲ್ಲೇ ಇದ್ದ ಗಾಲ್ವೇ ಕ್ಯಾಪ್ಟನ್ ವೃತ್ತಿಯಲ್ಲಿ ಡಾಕ್ಟರು. "ಪರವಾಗಿಲ್ಲ ಬಿಡಿ, ನಮ್ಮೋನಿಗೂ ಸೊಂಟ ಹಿಡ್ಕೊಂಡೈತೆ. ಸಮ ಆಯ್ತು," ಎಂದರು.

"ಒಪ್ಪೋರು ಕೈ ಎತ್ತಿ," ಎಂದ ಗಿರೀಶ. ಅದೇ ಹೊತ್ತಿಗೆ ನಾನು ಅಡುಗೆಮನೆಯಲ್ಲಿದ್ದ ಹೆಂಡತಿಗೆ, "ಐಸ್ ತಾರೇ," ಎಂದು ಕೈ ಎತ್ತಿ ಕೂಗುತ್ತಿದ್ದೆ.

"ನೋಡ್ರಪ್ಪಾ, ಅವನೇ ಒಪ್ಕೊಂಡ!"

ಆರು ವರ್ಷ ಜೊತೆಗೆ ಆಡಿದವರು ಚಪ್ಪಾಳೆ ತಟ್ಟಿದರು. ಈಗ ನಾನು ಸ್ವೋರ್ಡ್ಸ್‌ನ ಸೋಫಾದಲ್ಲಿ ಕಾಲು ಚಾಚಿ ಕೂತ ಗಾಲ್ವೇ ಆಟಗಾರ. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಲಾಕ್‌ಡೌನ್ ನಿಯಮವೊಂದೇ ನನ್ನನ್ನು ಇಲ್ಲಿ ಉಳಿಸಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಸರ್ಕಾರದ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ. ಆ ನಿಯಮ ಇನ್ನೂ ಇದೆಯಾ, ಯಾರಾದರೂ ಇನ್ನೊಮ್ಮೆ ಓದಿ ನೋಡಿ ಹೇಳಿ.