ಚಾಚಾನ ಮೂಗು, ಲಕ್ಕಿ ಸೊಪ್ಪಿನ ದಿಂಬು

ಅಟ್ಟ ಗುಡಿಸೋಕೆ ಅಮ್ಮ ಹತ್ತಿದ್ದಳು. ನಾನು ಕೆಳಗೆ ಏಣಿ ಹಿಡಿದುಕೊಂಡು ಅವಳ ಗೊಣಗಾಟವನ್ನು ಅವಳದೇ ಗಂಟಲಲ್ಲಿ ಅವಳಿಗೇ ವಾಪಸ್ಸು ಒಪ್ಪಿಸುತ್ತಿದ್ದೆ. ಅದಕ್ಕೆ ಉತ್ತರವಾಗಿ ಮೇಲಿನಿಂದ ಒಂದು ದಿಂಬು ಬಂದು ನನ್ನ ತಲೆ ಮೇಲೆ ಬಿತ್ತು. ಹತ್ತಿ ದಿಂಬಲ್ಲ. ಬಿದ್ದದ್ದೇ ಚರಚರ ಅಂತ ಸದ್ದು ಮಾಡಿತು, ತರಗೆಲೆ ತುಳಿದ ಹಾಗೆ. ಆಮೇಲೆ ಮೂಗಿಗೆ ಬಂತು… ಬಂತೋ ಇಲ್ಲವೋ ಅನ್ನುವಷ್ಟು ಸ್ವಲ್ಪ. ಲಕ್ಕಿ ಸೊಪ್ಪು.

ದಿಂಬಿನ ಬಟ್ಟೆ ಪಕ್ಕದ ಮನೆ ಚಾಚಿಯ ಹಳೇ ಸೀರೆಯದು, ಹೊಲಿಗೆಯೂ ಅವರದೇ. ಒಳಗಿನ ಎಲೆ ಚಾಚಾ ತಂದದ್ದು. ಆ ಎಲೆಗೆ ಮೂಗು ಮಾತ್ರ ನನ್ನದು.

ತೊಂಬತ್ತರ ಆಸುಪಾಸು ಅದು. ವಿಜಯಪುರದ ನಮ್ಮ ಬೀದಿಯಲ್ಲಿ ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ರೇಷ್ಮೆ ಗೂಡು ಬೇಯುತ್ತಿತ್ತು. ಗೂಡಿನ ಒಳಗಿನ ಹುಳ ಬೆಂದರೆ ಎಂಥ ನಾತ ಬರುತ್ತೆ ಅಂತ ಹೊರಗಿನವರನ್ನು ಕೇಳಬೇಕು. ಬಸ್ಸಿನಲ್ಲಿ ಬಂದವರು ಕರ್ಚೀಫು ಮೂಗಿಗೆ ಹಿಡಿದರು ಅಂದರೆ ಕಂಡಕ್ಟರು ಕೂಗೋದೇ ಬೇಡ, ಊರು ಬಂತು ಅಂತ ಅರ್ಥ. ನಮಗೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ. ಹಾಲುಗಲ್ಲದ ಮಗುವಿನಿಂದ ಹಿಡಿದು ಎಲ್ಲರ ಮೂಗೂ ಆ ನಾತದ ಜೊತೆ ಎಂದೋ ರಾಜಿ ಮಾಡಿಕೊಂಡಿತ್ತು.

ಚಾಚಾ ಗೂಡು ಬಿಚ್ಚುವವರು. ಕುದಿಯುವ ಬಟ್ಟಲಿಗೆ ಕೈ ಹಾಕಿ ನೂಲಿನ ತುದಿ ಹುಡುಕೋದು ಅವರ ಕಸುಬು. ಬೆರಳೆಲ್ಲ ಬಿರಿದು, ಬೆಳ್ಳಗೆ ನೆನೆದು ಹೋಗಿರುತ್ತಿದ್ದವು. ಅದಕ್ಕೆ ಸಂಜೆ ಲೋಳೆಸರ ಸವರೋರು, ಶುಕ್ರವಾರ ಗೋರಂಟಿ ಮೆತ್ತೋರು. "ಏನ್ ಚಾಚಾ, ಮದುವೆ ಯಾವಾಗ?" ಅಂತ ನಾನು ಕೆಂಪು ಕೈ ನೋಡಿ ಕೇಳಿದರೆ, "ನಿಮ್ಮ ಚಾಚಿನ್ ಕೇಳಿ ಹೇಳ್ತೀನಿ ತಾಳು" ಅನ್ನೋರು. ಅಲ್ಲಿಂದಲೇ ಶುರುವಾಗಿತ್ತು ಅವರ ಸೊಪ್ಪಿನ ಹುಚ್ಚು. ಹಿತ್ತಿಲ ಗೋಡೆ ಉದ್ದಕ್ಕೂ ಒಡೆದ ಬಕೀಟು, ಎಣ್ಣೆ ಡಬ್ಬ, ತೂತು ಬಿದ್ದ ಬಟ್ಟಲು, ಎಲ್ಲದರಲ್ಲೂ ಏನಾದರೊಂದು ಚಿಗುರು. ದೊಡ್ಡಪತ್ರೆ, ತುಳಸಿ, ಒಂದೆಲಗ, ಬೇಲಿಗೆ ಆಡುಸೋಗೆ. ಬೀದಿಯ ಕೆಮ್ಮು, ಶೀತ, ಅಜೀರ್ಣಗಳೆಲ್ಲ ಮೊದಲು ಆ ಗೋಡೆ ಹತ್ತಿರ ಹೋಗಿ ನಿಲ್ಲುತ್ತಿದ್ದವು. ಅವರ ಮದ್ದಿನಲ್ಲಿ ಅರ್ಧ ಗುಣ ಕಾಣುತ್ತಿತ್ತು, ಇನ್ನರ್ಧಕ್ಕೆ ಅವರೇ, "ಇದು ಕೆಲಸ ಮಾಡ್ಲಿಲ್ಲಾಂದ್ರೆ ಇನ್ನೊಂದ್ ನೋಡಾಣ" ಅನ್ನುತ್ತಿದ್ದರು. ಆದರೆ ಒಂದು ಕಟ್ಟುಪಾಡು ಮಾತ್ರ ಬಿಡುತ್ತಿರಲಿಲ್ಲ. ಯಾವ ಎಲೆಯೇ ಆಗಲಿ ಮೊದಲು ಬೆರಳಲ್ಲಿ ಹಿಸುಕಿ, ಮೂಸಿ, ಆಮೇಲೇ ಕೊಡೋದು. "ಕಣ್ಣು ಮೋಸ ಹೋಗ್ತೈತೆ. ಎಲೆ ನೋಡೋಕೆ ಒಂದೇ ಥರ ಇರ್ತಾವೆ. ಮೂಗು ಮೋಸ ಹೋಗಲ್ಲ."

ಆ ವರ್ಷ ಪಿಯುಸಿಯಲ್ಲಿ ಇಂಗ್ಲಿಷ್ ನನ್ನನ್ನು ಕೈಬಿಟ್ಟಿತ್ತು. ಮತ್ತೆ ಪರೀಕ್ಷೆಗೆ ಓದುತ್ತೇನೆ ಅಂತ ಮನೆಯಲ್ಲಿ ಕೂತಿದ್ದೆ. ಓದುತ್ತಿದ್ದದ್ದು ಕಡಿಮೆ, ಬೀದಿಯಲ್ಲಿ ಹೋಗುವವರ ದನಿ ಕದಿಯುತ್ತಿದ್ದದ್ದು ಹೆಚ್ಚು. ಗಣಿತದ ಮೇಷ್ಟ್ರು, ಸೌದೆ ಡಿಪೋ ಯಜಮಾನ, ನಮ್ಮ ಸೋದರತ್ತೆ, ಯಾರನ್ನೂ ಬಿಟ್ಟಿರಲಿಲ್ಲ. ಚಾಚಾ ನನ್ನನ್ನು ಕರೆಯುತ್ತಿದ್ದದ್ದೇ ಮೈನಾ ಅಂತ. "ನಿನಗೆ ಮಗು ಇದ್ದಾಗ ಬಜೆ ಜಾಸ್ತಿ ತೇಯ್ದು ನೆಕ್ಕಿಸಿದಾರೆ" ಅಂತ ಅವರ ರೋಗನಿರ್ಣಯ. ಮಾತು ಬೇಗ ಬರಲಿ ಅಂತ ನಮ್ಮ ಕಡೆ ಮಗುವಿನ ನಾಲಿಗೆಗೆ ಬಜೆ ಬೇರು ತೇಯ್ದು ಸವರೋದುಂಟು. ನನಗೆ ಮಾತು ಬಂತು, ಎಲ್ಲರದೂ ಬಂತು, ನನ್ನದೊಂದು ಬಿಟ್ಟು!

ಕೂಗಿ ಕೂಗಿ ಒಂದು ಸಲ ಗಂಟಲು ಕಟ್ಟಿತು. ಚಾಚಾ ಗೋಡೆ ಮೇಲಿಂದ ತುಳಸಿ ಕಷಾಯದ ಲೋಟ ಚಾಚಿದರು. ಒಂದು ಗುಟುಕು ಬಾಯಿಗೆ ಹೋಗುವ ಮೊದಲೇ ಮೂಗು ಬೇಡ ಅಂದಿತು.

"ಚಾಚಾ, ಇದು ತುಳಸಿ ಅಲ್ಲ. ನಾಯಿತುಳಸಿ."

"ಅರೆ, ನನಗೇ ಪಾಠ ಹೇಳ್ತೀಯೇನೋ?" ಅಂತ ನಗುತ್ತಾ ಹೋಗಿ ಉಳಿದ ಸೊಪ್ಪು ತಂದರು. ಒಂದೆಲೆ ಹಿಸುಕಿ ಮೂಗಿಗೆ ಹಿಡಿದರು. ಹಿಡಿದೇ ಇದ್ದರು. ಇನ್ನೊಂದು ಎಲೆ ಹಿಸುಕಿದರು. ಬೆರಳು ಹಸಿರಾಯಿತು, ಅವರ ಮುಖದಲ್ಲಿ ಏನೂ ಆಗಲಿಲ್ಲ. ಆಮೇಲೆ ನಿಧಾನಕ್ಕೆ ಕೈಯನ್ನು ನನ್ನ ಮೂಗಿನ ಕೆಳಗೆ ತಂದು, "ನೀನು ಹೇಳು" ಅಂದರು. ನಗು ಹೋಗಿತ್ತು.

ಅಷ್ಟರವರೆಗೆ ಅವರಿಗೇ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಒಂದು ಕೆಟ್ಟ ನೆಗಡಿ ಬಂದು ಬಹಳ ದಿನ ಕಾಡಿತ್ತು. ಅದು ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಅಲ್ಲಿಂದ ಚಾಚಿಯ ಸಾರಿಗೆ ಮಸಾಲೆ ಸಾಲದು ಅಂತ ಜಗಳ ಆಡಿದ್ದರು, ಮಸಾಲೆ ಅಂಗಡಿಯವನನ್ನು ಬೈದಿದ್ದರು, ಈಗಿನ ಕೋಳಿಗಳಿಗೇ ರುಚಿ ಇಲ್ಲ ಅಂದಿದ್ದರು. ಎಲೆ ಮೂಸೋದು ಬರೀ ಕೈಯ ಅಭ್ಯಾಸವಾಗಿಬಿಟ್ಟಿತ್ತು, ಮೂಗಿನ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ಬೇರೆ ಊರಲ್ಲಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತೇನೋ. ನಮ್ಮೂರಲ್ಲಿ ಏನೂ ವಾಸನೆ ಬರದೇ ಇರೋದೇ ಆರೋಗ್ಯ…

"ಯಾರಿಗೂ ಹೇಳ್ಬೇಡ ಮೈನಾ" ಅಂದರು. ಸ್ವಲ್ಪ ಹೊತ್ತು ಡಬ್ಬದ ಮಣ್ಣು ಕೆದಕಿ, "ಮಗಳು ಬಾಣಂತನಕ್ಕೆ ಬರ್ತಾ ಅವ್ಳೆ. ಅವಳು ಹುಟ್ಟಿದಾಗ ತಲೆಗೆ ಹೊಗೆ ಹಾಕಿದ್ದು ನಾನೇ. ಆ ತಲೆ ವಾಸನೆ ಇನ್ನೂ ಇಲ್ಲೈತೆ" ಅಂತ ಮೂಗು ಬಿಟ್ಟು ಎದೆ ಮುಟ್ಟಿಕೊಂಡರು. "ಮೊಮ್ಮಗೂದು ಮೂಸ್ಬೇಕು ಕಣೋ. ಅಷ್ಟೇ."

ಅವತ್ತಿನಿಂದ ನಾನು ಅವರ ಮೂಗು. ಬೀದಿಯವರಿಗೆ ಕೊಡುವ ಪ್ರತಿ ಎಲೆಯೂ ಮೊದಲು ನನ್ನ ಹತ್ತಿರ ಬರುತ್ತಿತ್ತು. ಮೂಸಿ ಹೂಂ ಅಂದರೆ ಸಾಲದು, ಹೇಗಿದೆ ಹೇಳಬೇಕು. ವಾಸನೆಯನ್ನು ಹೇಳೋದು ಹೇಗೆ? ಘಾಟು, ಕಂಪು, ಒಗರು ಅಂದು ಮುಗಿಯಿತು ನನ್ನ ಬಂಡವಾಳ. ಕೊನೆಗೆ ಗೊತ್ತಿದ್ದ ಒಂದೇ ವಿದ್ಯೆಗೆ ಇಳಿದೆ. ದೊಡ್ಡಪತ್ರೆ ಮೂಸಿ ನಮ್ಮ ಸೋದರತ್ತೆಯಾದೆ: ಇನ್ನೂ ಬೀದಿ ತಿರುವಿನಲ್ಲಿರುವಾಗಲೇ "ಕಾಫಿಗಿಡ್ರೇ, ಬಂದ್ಬಿಟ್ಟೆ!" ಅಂತ ಮನೆಯೊಳಗೆ ಬರುವ ದನಿ. ಒಂದೆಲಗ ಮೂಸಿ ನಮ್ಮಪ್ಪನಾಗಿ ಸುಮ್ಮನೆ ಕೂತೆ, ಇದ್ದಾರೋ ಇಲ್ಲವೋ ಅನ್ನುವ ಹಾಗೆ. ಲಕ್ಕಿ ಸೊಪ್ಪು ಗಣಿತದ ಮೇಷ್ಟ್ರು. ಹಿಂದಿನಿಂದ ಸದ್ದಿಲ್ಲದೆ ಬಂದು ನೆತ್ತಿಗೆ ಏರುವವರು. ಆಡುಸೋಗೆಗೆ ಚಾಚಿಯನ್ನು ಮಾಡಿದೆ, ಸಿಟ್ಟು ಬಂದಾಗ ಪಾತ್ರೆ ಮಾತ್ರ ಮಾತಾಡುತ್ತೆ. ಚಾಚಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸರಿಯಾಗಿ ಬಿದ್ದರೆ, "ಹೌ ಹೌ, ಅದೇ, ಬಂತು" ಅಂತ ತಲೆದೂಗುತ್ತಿದ್ದರು. ತಪ್ಪಿದರೆ, "ನಕ್ಕೋ, ಇದು ಅಷ್ಟು ಜೋರಿಲ್ಲ, ಸ್ವಲ್ಪ ಇಳಿಸು" ಅನ್ನುತ್ತಿದ್ದರು. ಯಾವ ಪರೀಕ್ಷೆಗೂ ಅಷ್ಟು ಶ್ರದ್ಧೆಯಿಂದ ಕೂತವನಲ್ಲ ನಾನು.

ಒಮ್ಮೆ ಅವರೇ ಕೇಳಿದರು: "ನನ್ನ ಥರ ಯಾವುದೈತೆ?"

"ನೀವಾ? ಗೂಡು ಬೇಯಿಸಿದ ನೀರು" ಅಂದೆ.

"ಹಂಗಾದ್ರೆ ಊರಲ್ಲಿ ಯಾರಿಗೂ ಗೊತ್ತಾಗಲ್ಲ ಬಿಡು" ಅಂತ ಹೊಟ್ಟೆ ಹಿಡಿದು ನಕ್ಕರು.

ಮದ್ದುಗಳೂ ನಡೆದಿದ್ದವು. ತುಂಬೆ ಹೂವಿನ ರಸ ಮೂಗಿಗೆ ಬಿಟ್ಟುಕೊಂಡರು. ಅರಿಶಿನದ ಕೊಂಬು ಸುಟ್ಟು ಹೊಗೆ ಎಳೆದರು. ಲಕ್ಕಿ ಸೊಪ್ಪು ಕುದಿಸಿ ಕಂಬಳಿ ಹೊದ್ದು ಕೂತರೆ ಕಂಬಳಿಯೊಳಗಿಂದ, "ಮೇಷ್ಟ್ರು ಬಂದ್ರೇನೋ?" ಅಂತ ನನ್ನನ್ನೇ ಕೇಳೋರು. ಆಮೇಲೆ ಅದೇ ಸೊಪ್ಪು ಒಣಗಿಸಿ ದಿಂಬು ಮಾಡಿಸಿದರು, ಅವರಿಗೊಂದು, ಮಿಕ್ಕಿದ್ದರಲ್ಲಿ ನನಗೊಂದು. "ನನ್ನ ಮೂಗು ಚೆನ್ನಾಗಿರ್ಬೇಕಲ್ಲ" ಅಂತ ನನ್ನ ಮೂಗು ಹಿಂಡಿ ಕೊಟ್ಟರು. ಅಷ್ಟು ಹೊತ್ತಿಗೆ ಚಾಚಿಗೆ ವಿಷಯ ಗೊತ್ತಾಗಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದರು. ಬಂದರೂ ಬರಬಹುದು, ಬರದೇ ಇದ್ದರೂ ಇರಬಹುದು, ಕಾಯಿರಿ ಅಂದರಂತೆ ಡಾಕ್ಟರು. "ನಾನೂ ಬೀದಿಯೋರಿಗೆ ಅದನ್ನೇ ಹೇಳೋದು" ಅಂದರು ಚಾಚಾ.

ಮಗಳು ಬಂದಿಳಿದಳು, ಹೊಟ್ಟೆ ಮುಂದೆ, ಅವಳು ಹಿಂದೆ. ಚಾಚಾನ ಆತುರ ಹೆಚ್ಚಾಯಿತು. ಅವರ ಅಜ್ಜಿ ಯಾವಾಗಲೋ ಹೇಳಿದ್ದ ನಕ್‌ಛಿಕ್ನಿ ಅನ್ನುವ ಸೊಪ್ಪು ನೆನಪಾಯಿತು. ಒಣಗಿದ ಕೆರೆಯಂಗಳದಲ್ಲಿ ನೆಲಕ್ಕಂಟಿ ಬೆಳೆಯುತ್ತೆ, ಮೂಸಿದರೆ ಮೂಗಿನ ಬಾಗಿಲೆಲ್ಲ ಕಿತ್ತು ಹೋಗುವ ಹಾಗೆ ಸೀನು ಬರುತ್ತೆ. ಅಷ್ಟೇ ಗುರುತು. ನೋಡೋಕೆ ಹೇಗಿರುತ್ತೆ ಅಂದರೆ ಅವರಿಗೂ ಮರೆತಿತ್ತು.

ಸೈಕಲ್ ತುಳಿದುಕೊಂಡು ಹೋದೆವು. ಕೆರೆಯಂಗಳದಲ್ಲಿ ನಾನು ಮಂಡಿಯೂರಿ, ಕಂಡ ಕಂಡ ಗಿಡ ಹಿಸುಕಿ ಮೂಸುತ್ತಾ ಮುಂದೆ ಮುಂದೆ, ಚಾಚಾ ನನ್ನ ಹಿಂದೆ, "ಬಂತಾ? ಸೀನು ಬಂತಾ?" ಅನ್ನುತ್ತಾ. ಕುರಿ ಮೇಯಿಸುತ್ತಿದ್ದವನು ಬಂದು ನಿಂತು ಬಹಳ ಹೊತ್ತು ನೋಡಿದ. "ಏನಪ್ಪಾ, ನನ್ ಕುರಿಗಳ್ಗೇನಾದ್ರೂ ಉಳಿಸ್ತೀಯಾ?" ಅಂದ. ಉತ್ತರ ಕೊಡೋಣ ಅಂತ ಬಾಯಿ ತೆರೆದೆ, ಸೀನು ಬಂತು. ಇನ್ನೊಂದು ಬಂತು. ನಿಲ್ಲಲೇ ಇಲ್ಲ. ಚಾಚಾ ಕುಣಿದುಬಿಟ್ಟರು. "ಅದೇ! ಕೈಯಲ್ಲಿರೋದೇ! ಬಿಸಾಕ್ಬೇಡ!"

ಒಣಗಿಸಿ ಪುಡಿ ಮಾಡಿ ಒಂದು ಚಿಟಿಕೆ ಎಳೆದರು. ಅವರು ಸೀನಿದ ರಭಸಕ್ಕೆ ಕೋಳಿಗಳು ಗೋಡೆ ಹತ್ತಿದವು. ಒಳಗೆ ಚಾಚಿ ಸೀನಿದರು, ಇತ್ತ ಅಮ್ಮ ಸೀನಿದಳು, ನಾನಂತೂ ಹಳೇ ಬಾಕಿ ಎಲ್ಲ ಸೀನಿ ಮುಗಿಸಿದೆ. ಎಲ್ಲ ತಣ್ಣಗಾದ ಮೇಲೆ ಚಾಚಿ ಹುರಿದ ಈರುಳ್ಳಿ ಬಾಣಲೆಯನ್ನೇ ತಂದು ಅವರ ಮುಂದೆ ಹಿಡಿದರು. ಚಾಚಾ ಕಣ್ಣೀರು ಒರೆಸಿಕೊಂಡು, ಉಸಿರು ಎಳೆದುಕೊಂಡರು… ಎಳೆದುಕೊಂಡೇ ಇದ್ದರು.

"ಬಂತಾ ಚಾಚಾ?"

"ನಕ್ಕೋ ಪೂಛ್" ಅಂದರು. ಕೇಳಬೇಡ ಅಂತ. ಕಣ್ಣೀರು ಮತ್ತೆ ಬಂತು. ಪುಡಿಯದೇ ಇರಬೇಕು.

ಮಗು ಹುಟ್ಟಿತು, ಹೆಣ್ಣು. ಎಣ್ಣೆ ನೀರು ಎರೆದು ಹೊಗೆ ಹಾಕುವ ದಿನ ಸಾಂಬ್ರಾಣಿ ಜೊತೆ ಕೆಂಡಕ್ಕೆ ಹಾಕುವ ಬಜೆಗೆ ಅಂತ ನನ್ನನ್ನು ಗ್ರಂಧಿಗೆ ಅಂಗಡಿಗೆ ಅಟ್ಟಿದರು. ಬಾಗಿಲು ಹಾಕಿತ್ತು. ಬರಿಗೈಯಲ್ಲಿ ಬಂದು ಚಾಚಿಗೆ ಹೇಳಿದೆ, ಅವರು ಸಾಂಬ್ರಾಣಿಯೊಂದನ್ನೇ ಕೆಂಡಕ್ಕೆ ಹಾಕಿದರು. ಚಾಚಾ ಟೋಪಿ ಸರಿಮಾಡಿಕೊಂಡು ಬಂದು ಕೂತು, ಮಗುವನ್ನು ಹೊಗೆಯ ಮೇಲೆ ಆಡಿಸಿ, ಒದ್ದೆ ನೆತ್ತಿಗೆ ಮೂಗಿಟ್ಟರು. ಮನೆ ತುಂಬಾ ನೆಂಟರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಮಗಳಂತೂ ಉಸಿರೇ ಬಿಡುತ್ತಿರಲಿಲ್ಲ, ಅವಳಿಗೂ ಯಾರೋ ಮೂಗಿನ ವಿಷಯ ಹೇಳಿರಬೇಕು.

"ಆಹಾ" ಅಂದರು ಚಾಚಾ. "ಹಾಲು… ಸಾಂಬ್ರಾಣಿ… ಬಜೆ. ನಿನ್ನ ತಲೇನೂ ಹಿಂಗೇ ಇತ್ತು ಬೇಟಾ."

ಮಗಳು ಅತ್ತಳು, ನೆಂಟರು ಹರಸಿದರು. ಚಾಚಿ ನನ್ನನ್ನು ನೋಡಿದರು. ನಾನು ಸೂರು ನೋಡಿದೆ. ಅಷ್ಟು ದಿನ ಬೀದಿಯಲ್ಲಿ ನಾನೊಬ್ಬನೇ ಅಣಕು ಮಾಡೋನು ಅಂದುಕೊಂಡಿದ್ದೆ. ಮುಖ, ಕಣ್ಣು, ಆ ಆಹಾ, ಎಲ್ಲ ಎಷ್ಟು ಸೊಗಸಾಗಿ ಕೂತಿತ್ತು! ಬಜೆ ಒಂದು ಬಿಟ್ಟು.

ಸಂಜೆ ನೆಂಟರು ಕರಗಿದ ಮೇಲೆ ಗೋಡೆ ಮೇಲಿಂದ ಕರೆದರು. ತೋಳಲ್ಲಿ ಮಗು ಮಲಗಿತ್ತು. "ಮೈನಾ, ಬಾ ಇಲ್ಲಿ. ನೀನು ಮೂಸಿ ಹೇಳು."

ಬಗ್ಗಿ ಆ ನೆತ್ತಿ ಮೂಸಿದೆ. ಸೋದರತ್ತೆಯನ್ನು ಹುಡುಕಿದೆ, ಮೇಷ್ಟ್ರನ್ನು ಹುಡುಕಿದೆ, ಚಾಚಿಯನ್ನು, ಅಮ್ಮನನ್ನು… ನನ್ನ ಗಂಟಲಲ್ಲಿದ್ದ ಇಡೀ ಬೀದಿಯನ್ನೇ ತಡಕಿದೆ. ಯಾರೂ ಸಿಗಲಿಲ್ಲ. ಚಾಚಾ ಕಣ್ಣು ಮುಚ್ಚಿ ಕಾಯುತ್ತಿದ್ದರು.

"ಬರ್ತಾ ಇಲ್ಲ ಚಾಚಾ" ಅಂದೆ. "ಇದು ಯಾರ ಥರಾನೂ ಇಲ್ಲ. ಯಾರ ದನೀನೂ ಕೂರ್ತಾ ಇಲ್ಲ."

ಅವರು ಕಣ್ಣು ಬಿಡಲಿಲ್ಲ. ಹಾಗೇ ತಲೆದೂಗಿದರು. "ಹೌ ಹೌ. ಅದೇ. ಬಂತು."

ವಾಸನೆ ಆಮೇಲೂ ಬರಲಿಲ್ಲ ಅಂತ ಕಾಣುತ್ತೆ. ಎಲೆ ಕೊನೆಯವರೆಗೂ ನನ್ನ ಮೂಗಿನ ಕೆಳಗೇ ಬರುತ್ತಿತ್ತು. ಹೋದ ವರ್ಷ ಚಾಚಾ ತೀರಿಕೊಂಡರು. ಚಾಚಿ ಮಗಳ ಊರಿಗೆ ಹೋದರು. ಮನೆ ಕೊಂಡವರು ಒಲೆ, ಬಟ್ಟಲು ಕಿತ್ತುಹಾಕಿ ಹಿತ್ತಿಲಿಗೆ ಸಿಮೆಂಟು ಬಳಿದಿದ್ದಾರೆ. ಬೀದಿಯವರ ದನಿಗಳೆಲ್ಲ ನನ್ನಲ್ಲಿವೆ, ಚಾಚಾನದೂ ಇದೆ. ತೆಗೆಯೋಕೆ ಹೋಗುವುದಿಲ್ಲ.

ಅಟ್ಟದಿಂದ ಬಿದ್ದ ದಿಂಬನ್ನು ಬಿಸಿಲಿಗಿಟ್ಟು, ಯಾಕೋ ಹಾಗೇ ಆ ಮನೆ ಮುಂದೆ ಹೋಗಿ ನಿಂತೆ. ಮೋರಿಯಲ್ಲಿ ಗೂಡಿನ ನೀರಿಲ್ಲ, ಸೋಪಿನ ನೀರು ಹರಿಯುತ್ತಿತ್ತು. ಮೂಗು ಎತ್ತಿ ಜೋರಾಗಿ ಉಸಿರೆಳೆದೆ. ಇನ್ನೊಮ್ಮೆ ಎಳೆದೆ. ಆ ನಾತ ಒಂದೇ ಒಂದು ಸಲ ನನಗೆ ಗೊತ್ತಾಗಿದ್ದರೆ ಈಗ ಏನು ಹುಡುಕಬೇಕು ಅನ್ನೋದಾದರೂ ತಿಳಿಯುತ್ತಿತ್ತು…

ಸೈಕಲ್ಲಿನಲ್ಲಿ ಹೋಗುತ್ತಿದ್ದ ಗೆಳೆಯನೊಬ್ಬ ಕಾಲೂರಿ ನಿಂತ. "ಏನ್ ಗುರು, ನೆಗಡಿನಾ?"

"ಹೂಂ ಕಣೋ" ಅಂದೆ. ನನ್ನದೇ ದನಿಯಲ್ಲಿ.